ಸಾಹುಕಾರರ ಹವಳಕ್ಕೆ ಬೆಳಕು

ಸಾಹುಕಾರರು ಮುಂಬಯಿಯಿಂದ ವಾಪಸು ಬಂದ ಮೂರನೆಯ ದಿನ ನನ್ನನ್ನು ಮನೆಗೆ ಕರೆಸಿದರು. ಪಡಸಾಲೆಯಲ್ಲಿ ಒಂದು ಮರದ ಪೆಟ್ಟಿಗೆ ತೆರೆದಿತ್ತು. ಒಳಗೆ ಹಿಂಜಿದ ಹತ್ತಿಯ ನಡುವೆ ಮೂರು ಬಿಳಿ ಕಲ್ಲುಗಳಿದ್ದವು. ಒಂದು ಕೊಂಬೆ ಕೊಂಬೆಯಾಗಿತ್ತು, ಇನ್ನೊಂದು ಹೂಕೋಸಿನ ಹಾಗೆ ಉಬ್ಬಿತ್ತು, ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಅದರ ಮೈತುಂಬ ತೂತು. ಇವು ಹವಳ ಎಂದರು. ಹವಳ ಅಂದರೆ ಸರಕ್ಕೆ ಪೋಣಿಸುವ ಕೆಂಪು ಮಣಿ ಎಂದಷ್ಟೇ ತಿಳಿದಿದ್ದ ನಾನು ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ.

ನಾನು ಮಿಲ್ಲಿನಲ್ಲಿ ವೈರ್‌ಮನ್, ಅವರು ಅದೇ ಮಿಲ್ಲಿನ ಪಾಲುದಾರರು, ಜೊತೆಗೆ ಹತ್ತಿ ವ್ಯಾಪಾರ. ಮುಂಬಯಿಯಲ್ಲಿ ಸಮುದ್ರದ ದಂಡೆಯ ಮೀನುಮನೆಯೊಂದನ್ನು ನೋಡಿ ಬಂದಿದ್ದರು. ಗಾಜಿನ ಹಿಂದೆ ನೀಲಿ ಬೆಳಕು, ಬೆಳಕಿನಲ್ಲಿ ಬೆಳ್ಳಗೆ ಹೊಳೆಯುವ ಹವಳ, ಸಂದಿಯಲ್ಲಿ ಓಡಾಡುವ ಬಣ್ಣದ ಮೀನು. ಅದು ಅವರ ಪಿ.ಜೆ. ಬಡಾವಣೆಯ ಮನೆಯ ಪಡಸಾಲೆಗೆ ಬರಬೇಕಿತ್ತು. ದಾವಣಗೆರೆಗೆ ಸಮುದ್ರದ ನೀರು ತರುವುದು ಆಗದ ಮಾತು ಎಂದು ಅಲ್ಲಿಯವರೇ ಹೇಳಿ, ಸಿಹಿನೀರಿನಲ್ಲಿ ಬದುಕುವ ಸಣ್ಣ ಕರಿಮೀನುಗಳನ್ನು ಡಬ್ಬಿಯಲ್ಲಿ ತುಂಬಿ ಕೊಟ್ಟಿದ್ದರಂತೆ. ರೈಲಿನಲ್ಲಿ ಬದುಕುಳಿದು ಬಂದವು ಮೂವತ್ತು. ಅವನ್ನು ಹಿತ್ತಲ ಸಿಮೆಂಟು ತೊಟ್ಟಿಗೆ ಬಿಟ್ಟಿದ್ದರು.

"ತೊಟ್ಟಿ ಯಾರಾದ್ರೂ ಮಾಡ್ತಾರ. ಬೆಳಕು ನೀನು ಮಾಡಬೇಕು. ಹವಳ ಅಲ್ಲಿ ಹೆಂಗೆ ಕಾಣ್ತಿತ್ತೋ ಇಲ್ಲೂ ಹಂಗೇ ಕಾಣಬೇಕು ನೋಡು" ಎಂದರು ಸಾಹುಕಾರರು.

ಆಗಲ್ಲ ಎನ್ನುವ ಅಭ್ಯಾಸ ನನಗೆ ಆ ವಯಸ್ಸಿನಲ್ಲಿ ಇರಲಿಲ್ಲ. ಹೂಂ ಅಂದುಬಿಟ್ಟೆ.

ಹೊರಡುವಾಗ ಅವರ ತಾಯಿ ನನ್ನನ್ನು ಬಾಗಿಲಲ್ಲಿ ತಡೆದರು. ಎಪ್ಪತ್ತು ದಾಟಿದ ಬಡಕಲು ಜೀವ. ಸ್ನಾನ, ಲಿಂಗಪೂಜೆ ಮುಗಿಯದೆ ನೀರು ಕೂಡ ಮುಟ್ಟದವರು. ಮೀನು ಎಂಬ ಶಬ್ದವನ್ನೇ ಅಡುಗೆಮನೆಯ ಹತ್ತಿರ ಆಡದ ಮನೆ ಅದು. ಅವರು ಜಗಳ ಆಡಲಿಲ್ಲ. "ಮಗ ತಂದಾನ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಮನಿಗೆ ಬಂದ ಮ್ಯಾಲೆ ಅವೂ ಮನಿ ಜೀವಗಳೇ. ಒಂದು ಸತ್ರ ಒಂದು ರಾತ್ರಿ ನನಗ ಊಟ ಇಲ್ಲ. ತಿಳ್ಕಂಡು ಕೆಲಸ ಮಾಡಪ್ಪ" ಎಂದರು. ವಯಸ್ಸಾದವರ ಮಾತು, ನಾಲ್ಕು ದಿನಕ್ಕೆ ಮರೆತುಹೋಗುತ್ತದೆ ಎಂದುಕೊಂಡೆ.

ತೊಟ್ಟಿಯ ಕಬ್ಬಿಣದ ಚೌಕಟ್ಟನ್ನು ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿದೆವು. ನಾಲ್ಕಡಿ ಉದ್ದ, ಒಂದೂವರೆ ಅಡಿ ಎತ್ತರ. ಗಾಜು ಕೂರಿಸಿ, ಅಗಸೆಎಣ್ಣೆಯಲ್ಲಿ ಸುಣ್ಣದ ಪುಡಿ ಕಲಸಿದ ಲಪ್ಪವನ್ನು ಸಂದಿಗೆ ಮೆತ್ತಿ, ಹದಿನೈದು ದಿನ ಒಣಗಲು ಬಿಟ್ಟೆವು. ಮೂರು ಸಲ ನೀರು ತುಂಬಿ ಚೆಲ್ಲಿದ ಮೇಲೆ ಎಣ್ಣೆಯ ವಾಸನೆ ಹೋಯಿತು. ಮರಳು ಹರಿಹರದ ಹೊಳೆಯದು. ಗಿಡವೂ ಅಲ್ಲಿಯದೇ, ಸೇತುವೆಯ ಕೆಳಗೆ ನೀರು ನಿಧಾನವಾಗುವ ಕಡೆ ಬೆಳೆಯುವ ಪಟ್ಟಿಯಂಥ ಎಲೆಯ ನೀರುಹುಲ್ಲು. ಮುಂಬಯಿಯವರು ಗಿಡ ಇಡಲೇಬೇಕು ಎಂದಿದ್ದರಂತೆ. ನೀರಿಗೆ ಗಾಳಿ ಊದುವ ಯಂತ್ರ ನಮ್ಮಲ್ಲಿ ಇರಲಿಲ್ಲ, ಮೀನಿನ ಉಸಿರಿಗೆ ಬೇಕಾದ ಗಾಳಿ ಆ ಗಿಡದಿಂದಲೇ ಬರಬೇಕು. ಈ ಮಾತನ್ನು ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆ. ನನ್ನ ಗಮನ ಇದ್ದದ್ದು ಕಲ್ಲಿನ ಮೇಲೆ.

ಮೊದಲು ಅರವತ್ತು ವ್ಯಾಟಿನ ನಾಲ್ಕು ಬಲ್ಬು ಹಾಕಿದೆ. ತಗಡಿನ ಮುಚ್ಚಳ ಮಾಡಿಸಿ, ಒಳಗೆ ಸಾಲಾಗಿ ಹೋಲ್ಡರ್ ಕೂರಿಸಿ, ನೀರಿನ ಮೇಲೆ ನಾಲ್ಕು ಬೆರಳು ಅಂತರ ಬಿಟ್ಟೆ. ಸ್ವಿಚ್ ಒತ್ತಿದಾಗ ಮೀನು ಚೆನ್ನಾಗಿ ಕಂಡವು, ಗಿಡ ಚೆನ್ನಾಗಿ ಕಂಡಿತು. ಹವಳ ಮಾತ್ರ ಮಳೆಗೆ ನೆನೆದ ಹತ್ತಿಯ ಹಾಗೆ ಹಳದಿ. ಸಾಹುಕಾರರ ಮುಖ ಸಣ್ಣದಾಯಿತು. ಅದಕ್ಕಿಂತ ದೊಡ್ಡ ತೊಂದರೆ ಮರುದಿನ ತಿಳಿಯಿತು. ಬೇಸಿಗೆ ಬೇರೆ, ಬಲ್ಬಿನ ಕಾವು ಬೇರೆ. ಮಿಲ್ಲಿನ ನೂಲಿನ ಖಾತೆಯಿಂದ ಥರ್ಮಾಮೀಟರ್ ತಂದು ಅದ್ದಿದರೆ ತೊಂಬತ್ತಾರು ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಎರಡು ದಿನದಲ್ಲಿ ಮೂರು ಮೀನು ಹೊಟ್ಟೆ ಮೇಲಾಗಿ ತೇಲಿದವು.

ಮುದುಕಮ್ಮ ಮೂರು ರಾತ್ರಿ ಊಟ ಬಿಟ್ಟರು. ಅವರು ಮರೆತಿರಲಿಲ್ಲ.

ಇನ್ನು ಟ್ಯೂಬ್‌ಲೈಟೇ ಗತಿ. ಆಗ ದಾವಣಗೆರೆಯ ಮನೆಗಳಲ್ಲಿ ಟ್ಯೂಬ್‌ಲೈಟು ಅಪರೂಪ, ಮಿಲ್ಲಿನಲ್ಲಿ ಒಂದೆರಡು ಖಾತೆಗೆ ಹೊಸದಾಗಿ ಬಂದಿತ್ತು. ಅದರಲ್ಲೂ ಎರಡು ಬಗೆ, ಒಂದರ ಬೆಳಕು ಸ್ವಲ್ಪ ಕೆಂಪಗೆ, ಇನ್ನೊಂದರದು ಹಗಲಿನ ಹಾಗೆ. ಯಾವುದು ಎಂದು ಕೇಳಲು ನಮ್ಮ ಹತ್ತಿ ಗ್ರೇಡರ್ ಹತ್ತಿರ ಹೋದೆ. ಕುಕ್ಕುವಾಡದ ಕಡೆಯವರು, ಹತ್ತಿಯ ಬಿಳುಪನ್ನು ಕಣ್ಣಲ್ಲೇ ಅಳೆದು ದರ್ಜೆ ಹೇಳುವುದು ಅವರ ಕೆಲಸ. ಅವರ ಮೇಜು ಯಾವಾಗಲೂ ಬಡಗಣ ಕಿಟಕಿಯ ಕೆಳಗೆ. ಬಿಸಿಲು ಬಿದ್ದ ಕಡೆ ಹತ್ತಿ ನೋಡುವವರಲ್ಲ, ಬಲ್ಬಿನ ಕೆಳಗಂತೂ ಅದನ್ನು ಮುಟ್ಟುವವರೂ ಅಲ್ಲ. ಎರಡೂ ಟ್ಯೂಬು ಹಚ್ಚಿ, ಒಂದೇ ಹಿಡಿ ಹತ್ತಿಯನ್ನು ಎರಡರ ಕೆಳಗೂ ಹಿಡಿದು, ಕಿಟಕಿಗೂ ಒಯ್ದು ನೋಡಿ, ಹಗಲಿನಂಥದ್ದನ್ನೇ ಹಾಕು ಎಂದರು.

ಹಾಕಿದೆ. ಚೋಕು ಬಿಸಿಯಾಗುತ್ತದೆಂದು ಅದನ್ನು ಮುಚ್ಚಳದ ಹೊರಗೆ ಗೋಡೆಗೆ ಕೂರಿಸಿದೆ. ಸಂಜೆ ವೋಲ್ಟೇಜು ಬಿದ್ದಾಗ ಟ್ಯೂಬು ಕಣ್ಣು ಮಿಟುಕಿಸುತ್ತ ಕೂರುತ್ತಿತ್ತು, ಸ್ಟಾರ್ಟರನ್ನು ಎರಡು ಸಲ ತಿರುಗಿಸಬೇಕು. ಹೊತ್ತಿಕೊಂಡ ಮೇಲೆ ಮಾತ್ರ ಹವಳ ಹವಳದ ಹಾಗೆ ಕಂಡಿತು. ಆದರೂ ಮುಂಬಯಿಯ ನೀಲಿ ಬಂದಿಲ್ಲ ಎಂದು ಸಾಹುಕಾರರ ಕೊರಗು. ನಮ್ಮಲ್ಲಿ ಹತ್ತಿಯ ಮಾದರಿಯನ್ನು ನೀಲಿ ಕಾಗದದಲ್ಲಿ ಸುತ್ತಿಡುವುದು ರೂಢಿ, ಬಿಳುಪು ಎದ್ದು ಕಾಣಲಿ ಎಂದು. ಆ ಕಾಗದದ ಎರಡು ಹಾಳೆ ತಂದು ಟ್ಯೂಬಿನ ಕೆಳಗೆ ಕಟ್ಟಿದೆ, ಇನ್ನೆರಡನ್ನು ಹಿಂದಿನ ಗಾಜಿಗೆ ಅಂಟಿಸಿದೆ. ಅಬ್ಬಾ, ಆ ಸಂಜೆ ಹವಳ ಬೆಳದಿಂಗಳಲ್ಲಿ ಇಟ್ಟ ಹಾಗಿತ್ತು. ಸಾಹುಕಾರರು ಕುರ್ಚಿ ಎಳೆದುಕೊಂಡು ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ. ನನಗೂ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಹತ್ತಿ ಪೇಟೆಯ ಗಣ್ಯರೆಲ್ಲ ಬಂದು ನೋಡಿದರು. ಬಂದವರು ಇದ್ದಾಗ ಮಾತ್ರ ಲೈಟು, ಸಂಜೆ ಎರಡು ಗಂಟೆ. ಉಳಿದ ಹೊತ್ತು ಆ ಪಡಸಾಲೆಯಲ್ಲಿ ಹಗಲೂ ಮಬ್ಬು. ಹನ್ನೆರಡು ದಿನಕ್ಕೆ ಗಿಡದ ಎಲೆ ಗಾಜಿನ ಹಾಗೆ ತೆಳುವಾಗಿ, ಕಂದಾಗಿ, ಮುಟ್ಟಿದರೆ ಬೆರಳಿಗೆ ಲೋಳೆ ಹತ್ತುವಂತಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಮೀನೆಲ್ಲ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುತ್ತಿದ್ದವು. ಆ ವಾರ ನಾಲ್ಕು ಸತ್ತವು, ಮುದುಕಮ್ಮನಿಗೆ ಮತ್ತೆ ನಾಲ್ಕು ರಾತ್ರಿ ಬರೀ ನೀರು. ಸಾಹುಕಾರರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದು, ಅತ್ತೆಗೆ ಹೋದ ತಿಂಗಳಷ್ಟೇ ಜ್ವರ ಬಿಟ್ಟಿದೆ, ಹೀಗೇ ಆದರೆ ಅವರು ಉಳಿಯುವುದಿಲ್ಲ, ನಿಮ್ಮ ಲೈಟನ್ನು ಸರಿಮಾಡಿ, ಇಲ್ಲವಾದರೆ ಕಿತ್ತುಕೊಂಡು ಹೋಗಿ ಎಂದರು. ಮೀನನ್ನು ಹಿತ್ತಲ ತೊಟ್ಟಿಗೇ ಬಿಟ್ಟುಬಿಡೋಣ ಎಂದು ಆಕೆ ಗಂಡನಿಗೂ ಹೇಳಿದ್ದರಂತೆ. ಪೇಟೆಯೆಲ್ಲ ನೋಡಿಹೋದ ಮೇಲೆ ಅದು ಹೇಗೆ ಸಾಧ್ಯ ಎಂದರಂತೆ ಸಾಹುಕಾರರು.

ಅತ್ತ ಧಣಿ, ಇತ್ತ ಅವರ ತಾಯಿ. ನಡುವೆ ಪಕ್ಕಡ್ ಹಿಡಿದುಕೊಂಡು ನಾನು.

ನೀಲಿ ಕಾಗದ ಕಿತ್ತೆ. ಇನ್ನೊಂದು ಟ್ಯೂಬು ಸೇರಿಸಿದೆ. ಹೊಸ ಗಿಡ ನೆಟ್ಟು ಬೆಳಿಗ್ಗೆ ಆರರಿಂದ ಸಂಜೆ ಎಂಟರ ತನಕ ಎರಡನ್ನೂ ಉರಿಸಿದೆ. ಗಿಡ ಚಿಗುರಿತು. ಮೀನು ಏದುವುದು ನಿಂತಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹವಳಕ್ಕೆ ಮೊದಲು ಕಂದು ಬಣ್ಣ, ಆಮೇಲೆ ಹಸಿರು ಪಾಚಿ ಹತ್ತಿತು. ಸಾಹುಕಾರರು ತಲೆಯ ಮೇಲೆ ಕೈ ಹೊತ್ತು, "ಇದೇನಲೇ, ನನ್ನ ಹವಳ ಹೊಂಡದ ಕಲ್ಲಾತಲ್ಲ" ಎಂದರು. ತೆಂಗಿನ ನಾರಿನಿಂದ ತಿಕ್ಕಿದೆ. ಹೊರಮೈ ಬೆಳ್ಳಗಾಯಿತು, ತೂತಿನೊಳಗೆ ನಾರು ಹೋಗಲಿಲ್ಲ. ಎಂಟು ದಿನಕ್ಕೆ ಮತ್ತೆ ಹಸಿರು.

ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮಿಲ್ಲಿನಲ್ಲಿ ಬೆಳೆದ ಕೈ ನನ್ನದು. ಬೆಳ್ಳಗಿಲ್ಲದ್ದು ಯಾವುದೇ ಇರಲಿ, ನಮಗೆ ಗೊತ್ತಿದ್ದ ಮದ್ದು ಒಂದೇ, ಬ್ಲೀಚಿಂಗ್ ಪುಡಿ. ಮೂರೂ ಹವಳವನ್ನು ಬ್ಲೀಚಿಂಗ್ ಖಾತೆಗೆ ಒಯ್ದು ಒಂದು ಬಕೀಟಿನಲ್ಲಿ ಅದ್ದಿಟ್ಟೆ. ಸಂಜೆಗೆ ಹಾಲಿನಂತೆ ಬೆಳ್ಳಗಾದವು. ಬಟ್ಟೆಗೆ ಕೊಡುವ ಹಾಗೆ ಮೂರು ನೀರು ಕೊಟ್ಟು, ಮೂಗಿಗೆ ಹಿಡಿದು ನೋಡಿ, ವಾಸನೆ ಇಲ್ಲ ಎಂದು ತೊಟ್ಟಿಯಲ್ಲಿ ಇಟ್ಟು ಮನೆಗೆ ಹೋದೆ. ಬಟ್ಟೆಯನ್ನು ಹಿಂಡಬಹುದು, ಕಲ್ಲನ್ನು ಹಿಂಡಲಾಗದು ಎಂಬುದು ಹೊಳೆಯಲೇ ಇಲ್ಲ. ತೂತಿನೊಳಗೆ ಉಳಿದ ಮದ್ದು ನಿಧಾನವಾಗಿ ನೀರಿಗೆ ಇಳಿದಿತ್ತು. ಬೆಳಿಗ್ಗೆ ಐದು ಮೀನು ಸತ್ತಿದ್ದವು. ಉಳಿದ ಹದಿನೆಂಟನ್ನು ಮನೆಯವರು ಹಿತ್ತಲ ತೊಟ್ಟಿಗೆ ಬಿಟ್ಟಿದ್ದರಿಂದ ಅವು ಬದುಕಿದವು.

ನಾನು ನೇರವಾಗಿ ಮುದುಕಮ್ಮನ ಹತ್ತಿರ ಹೋಗಿ ನಿಂತೆ. "ಅವ್ವಾರೆ, ಇದು ಮನಿಯವ್ರ ತಪ್ಪಲ್ಲ, ನಂದು. ಈ ಐದು ದಿನದ ಉಪಾಸ ನಾನು ಮಾಡ್ತೀನ್ರಿ" ಎಂದೆ.

ಅವರು ಕೂತಲ್ಲಿಂದಲೇ ನನ್ನ ಮುಖ ನೋಡಿದರು. "ನೀನು ದುಡಿಯೋ ಮನುಷ್ಯ, ಕರೆಂಟಿನ ಕೆಲಸ. ಹಸ್ಕಂಡು ಏಣಿ ಹತ್ತಿದ್ರ ಹೆಂಗಪ್ಪ? ನಾನು ಕೂತು ತಿನ್ನಾಕಿ. ನನಗೇನಾಗಲ್ಲ ಹೋಗು."

ಮೂರನೆಯ ಬೆಳಿಗ್ಗೆ ಅವರು ಪೂಜೆ ಮುಗಿಸಿ ಏಳುವಾಗ ತಲೆ ತಿರುಗಿ ಗೋಡೆ ಹಿಡಿದು ಕುಸಿದರು. ಪಕ್ಕದ ಬೀದಿಯ ಡಾಕ್ಟರು ಬಂದು ಎರಡು ಹೊತ್ತೂ ಊಟ ಮಾಡಲೇಬೇಕು ಎಂದರೆ, ಇನ್ನೆರಡು ರಾತ್ರಿ ಬಾಕಿ ಇದೆ, ಆಮೇಲೆ ಮಾಡುತ್ತೇನೆ ಎಂದರಂತೆ. ಈ ಸುದ್ದಿ ಮಿಲ್ಲಿಗೆ ಬಂದಾಗ ನಾನು ಗ್ರೇಡರ್ ಕೋಣೆಯಲ್ಲಿ ಫ್ಯೂಸ್ ಕಟ್ಟುತ್ತಿದ್ದೆ. ಫ್ಯೂಸನ್ನು ಅಲ್ಲೇ ಬಿಟ್ಟು ಗ್ರೇಡರ್ ಮೇಜಿನ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಅವರಿಗೆ ಹೇಳಿಕೊಂಡು, ಯಾವ ಟ್ಯೂಬು ಹಾಕಿದರೂ ಒಂದಲ್ಲ ಒಂದು ಸಾಯುತ್ತದಲ್ಲ, ನಿಮ್ಮ ಕಿಟಕಿಯ ಬೆಳಕನ್ನೇ ಅಲ್ಲಿಗೆ ಒಯ್ಯಲೇ ಎಂದು ಕೇಳಿದೆ.

ಅವರು ಹತ್ತಿಯ ಎಳೆ ಎಳೆಯುತ್ತಲೇ ಹೇಳಿದರು, "ಈ ಕಿಟಕಿ ಬೆಳಕು ನನ್ನ ಕಣ್ಣಿಗೆ ಮಾಡಿದ್ದು. ಹತ್ತಿಗೆ ಇದರಿಂದ ಆಗೋದೇನೂ ಇಲ್ಲ, ಅದು ಗಿಡ ಬಿಟ್ಟು ಬಂದೈತೆ. ನಿನ್ನ ತೊಟ್ಟಿಯಾಗ ಬೆಳಕು ಬೇಕಾಗಿರೋದು ಯಾರಿಗೆ ಅಂತ ಮೊದಲು ನೋಡ್ಕ."

ಮರುದಿನ ಭಾನುವಾರ. ಗಿಡ ತರುವ ನೆಪದಲ್ಲಿ ಬೆಳಗಿನ ರೈಲಿಗೆ ಹರಿಹರಕ್ಕೆ ಹೋದೆ. ಈ ಸಲ ಗಿಡ ಕೀಳುವ ಮೊದಲು ದಂಡೆಯಲ್ಲಿ ಕೂತೆ. ಕೈಯಲ್ಲಿ ಗಡಿಯಾರ, ಕಟ್ಟಿಕೊಂಡ ಬುತ್ತಿ. ಆ ನೀರುಹುಲ್ಲು ಬೆಳೆಯುವ ಮಡುವಿಗೆ ಮೂಡಲ ಕಡೆ ಎತ್ತರದ ದಂಡೆ, ಪಡುವಲ ಕಡೆ ಒಂದು ಮರ. ಬಿಸಿಲು ನೀರಿಗೆ ತಾಗಿದ್ದು ಒಂಬತ್ತಕ್ಕೆ ಸ್ವಲ್ಪ ಮೊದಲು. ಮರದ ನೆರಳು ಅದನ್ನು ಮುಚ್ಚಿದ್ದು ಐದರ ಹೊತ್ತಿಗೆ. ಎಂಟು ಗಂಟೆ. ನಾನು ಮೊದಲು ಎರಡು ಗಂಟೆ ಕೊಟ್ಟಿದ್ದೆ, ಆಮೇಲೆ ಹದಿನಾಲ್ಕು. ಒಮ್ಮೆ ಬರ, ಒಮ್ಮೆ ನೆರೆ.

ಇನ್ನೊಂದನ್ನೂ ನೋಡಿದೆ. ಮಡುವಿನ ತಳದಲ್ಲಿ ನೂರಾರು ಕಲ್ಲುಗಳಿದ್ದವು, ಬೆಳ್ಳಗಿನದು ಒಂದೂ ಇರಲಿಲ್ಲ. ಬಿಸಿಲು ಕಂಡ ಕಲ್ಲಿಗೆಲ್ಲ ಹಸಿರು, ಆ ಹಸಿರನ್ನು ಮೇಯುತ್ತ ಮರಿಮೀನು. ಬೆಳ್ಳಗಿದ್ದವು ದಂಡೆಯ ಮೇಲೆ ಒಣಗಿ ಬಿದ್ದ ಕಲ್ಲುಗಳು ಮಾತ್ರ. ಮೂರು ತಿಂಗಳಿಂದ ನಾನು ಹುಡುಕುತ್ತಿದ್ದ ಬೆಳಕು, ಗಿಡವನ್ನೂ ಬದುಕಿಸಿ ಕಲ್ಲನ್ನೂ ಬೆಳ್ಳಗಿಡುವಂಥದ್ದು, ಹೊಳೆಯಲ್ಲೇ ಇಲ್ಲದ ಮೇಲೆ ನನ್ನ ಟ್ಯೂಬಿನಲ್ಲಿ ಎಲ್ಲಿಂದ ಬರಬೇಕು? ನಗು ಬಂತು, ಸಿಟ್ಟೂ ಬಂತು. ಗಿಡ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಸಂಜೆಯ ರೈಲು ಹತ್ತಿದೆ.

ಮರುದಿನ ಸಾಹುಕಾರರಿಗೆ ನೇರವಾಗಿ ಹೇಳಿದೆ. "ಹವಳ ಬೆಳ್ಳಗಿರಬೇಕು ಅಂದ್ರ ಮೀನು ತಗೀರಿ, ಲೈಟು ನಾನು ನೀಲಿ ಮಾಡಿ ಕೊಡ್ತೀನಿ. ಮೀನು ಇರಬೇಕು ಅಂದ್ರ ಹವಳ ಹಸಿರಾಗ್ತೈತೆ. ಎರಡೂ ಆಗೋ ಲೈಟು ಇಲ್ಲರಿ. ಇದ್ದಿದ್ರ ಇಷ್ಟೊತ್ತಿಗೆ ಸಿಗ್ತಿತ್ತು."

ಮಿಲ್ಲಿನಲ್ಲಿ ಅವರಿಗೆ ಹೀಗೆ ಎದುರು ಮಾತಾಡಿದವರು ಕಡಿಮೆ. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವರು ತಾಯಿ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿದರು, ಖಾಲಿ ತೊಟ್ಟಿಯೊಳಗೆ ಬೆಳ್ಳಗೆ ಹೊಳೆಯುತ್ತಿದ್ದ ಹವಳವನ್ನು ಬಹಳ ಹೊತ್ತು ನೋಡಿದರು. "ಒಂದು ತಿಂಗಳು ನೋಡು" ಎಂದು ಒಳಗೆ ಹೋದರು.

ಈ ಸಲ ಅವಸರ ಮಾಡಲಿಲ್ಲ. ಹವಳವನ್ನು ದಿನಕ್ಕೆರಡು ಸಲ ನೀರು ಬದಲಿಸುತ್ತ ಹತ್ತು ದಿನ ನೆನೆಹಾಕಿ ಬಿಸಿಲಿಗಿಟ್ಟೆ. ಮುಚ್ಚಳದ ತಗಡಿನ ಒಳಮೈಗೆ ಸುಣ್ಣ ಬಳಿದೆ, ಬೆಳಕು ಚದುರದೆ ಕೆಳಗೇ ಬೀಳಲಿ ಎಂದು. ನೀರಿಗೂ ಟ್ಯೂಬಿಗೂ ನಡುವೆ ಗಾಜಿನ ಹಾಳೆ ಹಾಕಿದ್ದರಿಂದ ಆವಿ ತಾಗಿ ಹೋಲ್ಡರ್ ತುಕ್ಕು ಹಿಡಿಯುವುದು ನಿಂತಿತು. ಎರಡೇ ಟ್ಯೂಬು, ಮಧ್ಯಾಹ್ನ ಹನ್ನೆರಡಕ್ಕೆ ಹಚ್ಚಿ ಸಂಜೆ ಎಂಟಕ್ಕೆ ಆರಿಸಬೇಕು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ, ಯಾವ ಗಣ್ಯರೇ ಬರಲಿ. ಸ್ವಿಚ್ಚಿನ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ. ಗಿಡ ಬೇರು ಬಿಟ್ಟು ಹೊಸ ಎಲೆ ಬಂದ ಮೇಲೆ, ಎರಡು ಮೀನನ್ನು ಬಿಟ್ಟು ಮೂರು ದಿನ ನೋಡಿ, ಆಮೇಲೆ ಉಳಿದ ಹದಿನಾರನ್ನು ಬಿಟ್ಟೆ.

ತಿಂಗಳು ಕಳೆಯಿತು, ಎರಡಾಯಿತು. ಒಂದೂ ಸಾಯಲಿಲ್ಲ. ಮುದುಕಮ್ಮ ಎರಡು ಹೊತ್ತು ಉಂಡು, ಕೋಲು ಹಿಡಿದು ಪಡಸಾಲೆಗೆ ಬಂದು ಕೂರುವಂತಾದರು. ಹವಳ ಮಾತ್ರ ಹೇಳಿದ ಹಾಗೇ ಹಸಿರಾಯಿತು, ತೂತಿನ ಹವಳಕ್ಕಂತೂ ಮಖಮಲ್ಲು ಹೊದಿಸಿದಂತಾಯಿತು. ಸಾಹುಕಾರರು ಬಂದವರಿಗೆ ಅದನ್ನು ತೋರಿಸುವುದು ಬಿಟ್ಟರು. ನನ್ನ ಹತ್ತಿರ ಮಾತೂ ಕಡಿಮೆಯಾಯಿತು.

ಒಂದು ಬೆಳಿಗ್ಗೆ ನಾನು ಚೋಕು ಬದಲಿಸಲು ಹೋಗಿದ್ದಾಗ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಯಾವುದೋ ಕೆಲಸಕ್ಕೆ ಬಂದಿದ್ದರು. ತೊಟ್ಟಿ ಕಂಡವರೇ ಬಗ್ಗಿ ನೋಡಿದರು. ಹಸಿರಾಗಿ ಹಾಳಾಯಿತು ನೋಡಿ ಎಂದು ಸಾಹುಕಾರರು ಬೇಸರದಿಂದ ಹೇಳಿದರು. ಮೇಷ್ಟ್ರು ನಕ್ಕು, ಹಾಳಾದದ್ದೇನು ಬಂತು, ಸಮುದ್ರದಲ್ಲಿ ಜೀವಂತ ಹವಳ ಬೆಳ್ಳಗಿರುವುದೇ ಇಲ್ಲ, ಕಂದು, ಹಸಿರು ಇರುತ್ತದೆ, ಅದರ ಮೈಯೊಳಗೇ ಕಣ್ಣಿಗೆ ಕಾಣದ ಪಾಚಿ ಇದ್ದು ಬಿಸಿಲನ್ನು ಉಂಡು ಅದನ್ನು ಸಾಕುತ್ತದೆ ಎಂದರು. "ನೀವು ತಂದದ್ದು ಸತ್ತ ಹವಳ. ಬಿಳಿ ಕಲ್ಲು ಅಂತೀರಲ್ಲ, ಅದು ಸಾವಿರಾರು ಸಣ್ಣ ಜೀವಿಗಳ ಎಲುಬಿನ ಗೂಡು."

ಮೂಲೆಯ ಮಣೆಯ ಮೇಲೆ ಮುದುಕಮ್ಮ ಕೂತಿದ್ದನ್ನು ಮೇಷ್ಟ್ರು ನೋಡಿರಲಿಲ್ಲ.

"ಎಲುಬಾ?" ಎಂದರು ಮುದುಕಮ್ಮ.

ಸಾಹುಕಾರರ ಮುಖದಲ್ಲಿ ಬಣ್ಣವೇ ಇರಲಿಲ್ಲ. ಪೂಜೆಯ ಕೋಣೆಯಿಂದ ಹತ್ತು ಹೆಜ್ಜೆಯಲ್ಲಿ ಎಲುಬು ಇಟ್ಟು, ಊರನ್ನೆಲ್ಲ ಕರೆದು ತೋರಿಸಿದ್ದರು. ನನ್ನ ಕಡೆ ತಿರುಗಿ, "ತಗಿ ಅದನ್ನ. ಈಗಲೇ. ಹರಿಹರಕ್ಕ ಒಯ್ದು ಹೊಳಿಗೆ ಹಾಕು" ಎಂದರು. ಮೂರು ತಿಂಗಳು ನಾನು ಒದ್ದಾಡಿದ್ದು ಆ ಕಲ್ಲಿಗಾಗಿ, ಅದು ಹೀಗೆ ಒಂದು ಮಾತಿಗೆ ಮುಗಿಯಿತಲ್ಲ ಎನ್ನಿಸಿತು. ಅಂಗಿಯ ತೋಳು ಮಡಚಿ ಕೈಯನ್ನು ನೀರಿಗೆ ಇಳಿಸಿದೆ. ದೊಡ್ಡ ಹವಳವನ್ನೇ ಮೊದಲು ಹಿಡಿದು ಮೇಲೆತ್ತಿದೆ.

ನಾಲ್ಕು ಬೆರಳು ಎತ್ತಿದ್ದೆನೋ ಇಲ್ಲವೋ, ಅದರ ತೂತುಗಳೊಳಗಿಂದ ಕರಿ ಎಳ್ಳಿನಂಥವು ಒಂದೊಂದೇ ಹೊರಬಿದ್ದು ನನ್ನ ಬೆರಳ ಸುತ್ತ ಚದುರಿದವು. ಕಸ ಎಂದುಕೊಂಡೆ. ಕಸ ಈಜುವುದಿಲ್ಲ. ಕರಿಮೀನು ಮರಿ ಹಾಕಿತ್ತು. ದೊಡ್ಡ ಮೀನಿನ ಬಾಯಿಗೆ ಸಿಗದಂತೆ ಅವು ಆ ತೂತಿನಲ್ಲಿ ಅಡಗಿ, ಅಲ್ಲಿಯ ಹಸಿರನ್ನೇ ತಿಂದುಕೊಂಡಿದ್ದವು.

"ಅವ್ವಾರೆ, ಮರಿ" ಎಂದೆ. ಅಷ್ಟೇ ಬಾಯಿಗೆ ಬಂದದ್ದು.

ಮುದುಕಮ್ಮ ಕೋಲೂರಿ ಎದ್ದು ಬಂದು ಗಾಜಿಗೆ ಮುಖ ಹಚ್ಚಿದರು. ನಾನು ಕಲ್ಲು ಹಿಡಿದು ಹಾಗೇ ನಿಂತಿದ್ದೆ, ತೋಳು ಸೋಲುತ್ತಿತ್ತು. ಮಗನ ಮುಖವನ್ನು ಅವರು ನೋಡಲಿಲ್ಲ.

"ಎಲುಬೋ, ಕಲ್ಲೋ. ಮಕ್ಕಳು ಮರಿ ಇರೋ ಮನಿ ಅದು. ಇಡಪ್ಪ ಅಲ್ಲೇ" ಎಂದರು.

ಎಲ್ಲಿತ್ತೋ ಅಲ್ಲೇ ಇಳಿಸಿದೆ. ಮರಿಗಳು ಒಂದೊಂದಾಗಿ ಹಸಿರಿನೊಳಗೆ ವಾಪಸಾದವು. ಸಾಹುಕಾರರು ತಾಯಿಯ ಹಿಂದೆ ಬಂದು ನಿಂತರು, ಬೀಳದಿರಲಿ ಎಂದು ಅವರ ಮೊಣಕೈ ಹಿಡಿದರು.

"ಕಣ್ಣಿಗೆ ಸರಿಯಾಗಿ ಕಾಣವಲ್ದು. ಲೈಟು ಹಾಕು" ಎಂದರು ಮುದುಕಮ್ಮ.

ಗೋಡೆಯ ಗಡಿಯಾರದಲ್ಲಿ ಹನ್ನೊಂದು. ಸ್ವಿಚ್ಚಿನ ಪಕ್ಕ, ಹನ್ನೆರಡಕ್ಕೆ ಎಂದು ನಾನೇ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಇತ್ತು. ಒದ್ದೆ ಕೈಯನ್ನು ಒರೆಸಿಕೊಂಡು ಸ್ವಿಚ್ ಒತ್ತಿದೆ. ಟ್ಯೂಬುಗಳು ಎರಡು ಸಲ ಮಿಟುಕಿ ಹೊತ್ತಿಕೊಂಡವು. ಮುದುಕಮ್ಮ ಬೆರಳು ಮಡಚುತ್ತ ಮರಿಗಳನ್ನು ಎಣಿಸತೊಡಗಿದರು. ಏಳರ ತನಕ ಬಂದು ತಪ್ಪಿದರು, ಮತ್ತೆ ಒಂದರಿಂದ ಶುರುಮಾಡಿದರು.